ನಾಲ್ಕು ಗೆರೆಯ ನಡುವೆ ಒಂದು ‘ಎಫ್’

ಗೃಹಿಣಿಗೆ ಬಾರದ ಕೆಲಸವೇ ಇಲ್ಲ ಎಂದು ಹೊಗಳುವವರಿದ್ದಾರೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇವೆ, ಕಣ್ಣಳತೆಯಲ್ಲೇ ಉಪ್ಪು ಹಾಕುತ್ತೇವೆ, ಎಲ್ಲಾ ಸರಿಯೇ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಶಾಲೆಯ ಚೀಲ ಬಿಚ್ಚಿದರೆಂದರೆ ನಮ್ಮಲ್ಲಿ ಎಷ್ಟೋ ಮಂದಿ ಮೆಲ್ಲಗೆ ಅಡಿಗೆಮನೆಗೆ ಜಾರಿಕೊಳ್ಳುತ್ತೇವೆ. ಇಂಗ್ಲಿಷ್ ಪುಸ್ತಕ ಹೊರಬಂದರಂತೂ ಕೇಳುವುದೇ ಬೇಡ!

ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿಯವರೆಗೆ. ನಮಗೆ ಇಂಗ್ಲಿಷ್ ಶುರುವಾದದ್ದೇ ಐದನೇ ಕ್ಲಾಸಿನಲ್ಲಿ. ಅದೂ ಅಚ್ಚಿನಲ್ಲಿದ್ದ ಹಾಗೆ ಬಿಡಿ ಬಿಡಿ ಅಕ್ಷರ. ನನ್ನ ಕಿರಿಮಗಳು ಇಂಗ್ಲಿಷ್ ಶಾಲೆಯಲ್ಲಿ ಎರಡನೇ ಕ್ಲಾಸು. ಅವಳಿಗೆ ಈಗ ಕರ್ಸಿವ್, ಅಂದರೆ ಪೆನ್ಸಿಲ್ ಎತ್ತದೆ ಅಕ್ಷರಗಳನ್ನು ಕೂಡಿಸಿ ಬರೆಯುವ ಪಾಠ.

ಅವಳನ್ನು ಗೋಳಾಡಿಸಿದ್ದು ಸಣ್ಣ ‘ಎಫ್’. ಕಾಪಿ ಪುಸ್ತಕದ ತುಂಬ ಕೆಂಪು ಇಂಕಿನ ಗೀಟು. “ನಾನು ತೋರಿಸ್ಲೇನೇ?” ಅಂದರೆ, “ನಿಂದು ಪೇಪರ್ನಲ್ಲಿ ಬರೋ ಎಫ್ಫಮ್ಮ, ಮಿಸ್ ಬೈತಾರೆ. ಅಪ್ಪ ಬರ್ಲಿ” ಅನ್ನುತ್ತಿದ್ದಳು. ನಮ್ಮವರು ಅಂಗಡಿ ಬಾಗಿಲು ಹಾಕಿ ಬರುವುದು ರಾತ್ರಿ ಒಂಬತ್ತಕ್ಕೆ. ಅಷ್ಟರಲ್ಲಿ ಮಗು ಪುಸ್ತಕದ ಮೇಲೇ ತಲೆಯಿಟ್ಟು ನಿದ್ದೆ. “ಟ್ಯೂಷನ್ನಿಗೆ ಹಾಕಿಬಿಡೋಣ ಕಣೇ” ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಅಮ್ಮನಿಗೆ ಬಡಿಸುವುದಷ್ಟೇ ಗೊತ್ತು ಅಂತ ಏಳು ವರ್ಷಕ್ಕೇ ತೀರ್ಮಾನಿಸಿಬಿಟ್ಟರೆ, ನಾಳೆ ದೊಡ್ಡವಳಾದ ಮೇಲೆ ತನ್ನ ಕಷ್ಟ ಸುಖ ನನ್ನ ಹತ್ತಿರ ತಂದಾಳೇ? ಒಂದೇ ಒಂದು ಅಕ್ಷರ ತಾನೇ, ಕಲಿತೇ ಬಿಡೋಣ ಎಂದುಕೊಂಡೆ.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳ ಹಳೇ ಕಾಪಿ ಪುಸ್ತಕ ಹಿಡಿದು ಕೂತೆ. ಮೇಲೊಂದು ಕೆಂಪು ಗೆರೆ, ಕೆಳಗೊಂದು ಕೆಂಪು ಗೆರೆ, ನಡುವೆ ಎರಡು ನೀಲಿ. ಮೂರಂತಸ್ತಿನ ಮನೆ ಅನ್ನಿ. ‘ಎ’, ‘ಸಿ’ಗಳು ನಡುಮನೆ ಬಿಟ್ಟು ಕದಲುವುದಿಲ್ಲ. ‘ಬಿ’, ‘ಎಲ್’ ಅಟ್ಟಕ್ಕೆ ಹತ್ತುತ್ತವೆ. ‘ಜಿ’, ‘ವೈ’ ನೆಲಮಾಳಿಗೆಗೆ ಇಳಿಯುತ್ತವೆ. ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಓಡಾಡುವುದು ‘ಎಫ್’ ಒಂದೇ, ಥೇಟ್ ಮನೆಯೊಡತಿಯ ಹಾಗೆ!

ಬರೆಯುವ ಕ್ರಮ ಹೀಗೆ. ಕೆಳಗಿನ ನೀಲಿ ಗೆರೆಯಿಂದ ಹೊರಟು ಬಲಕ್ಕೆ ವಾಲುತ್ತಾ ಮೇಲಿನ ಕೆಂಪು ಗೆರೆ ಮುಟ್ಟಬೇಕು. ಅಲ್ಲಿ ಎಡಕ್ಕೆ ಬಾಗಿ, ಕಂಬದ ಹಾಗೆ ಒಂದೇ ಉಸಿರಿಗೆ ಕೆಳಗಿನ ಕೆಂಪು ಗೆರೆಯವರೆಗೆ ಇಳಿಯಬೇಕು. ಅಲ್ಲಿಂದ ಬಲಕ್ಕೆ ತಿರುಗಿ ಮೇಲೆ ಬಂದು, ಹೊರಟ ನೀಲಿ ಗೆರೆಯ ಹತ್ತಿರ ಕಂಬಕ್ಕೆ ತಾಗಿಸಿ, ಮುಂದಿನ ಅಕ್ಷರಕ್ಕೆ ಒಂದು ಸಣ್ಣ ಬಾಲ ಬಿಡಬೇಕು. ‘ಜಿ’, ‘ವೈ’ಗಳ ಕೆಳಗಿನ ಸುತ್ತು ಎಡಕ್ಕೆ ಹೋಗುತ್ತದೆ, ‘ಎಫ್’ನದು ಬಲಕ್ಕೆ. ಮಕ್ಕಳ ಕೈ ತೊಡರುವುದು ಇಲ್ಲೇ. ಮೇಲಿನ ಕುಣಿಕೆಯೂ ಕೆಳಗಿನ ಕುಣಿಕೆಯೂ ಕಂಬದ ಬಲಗಡೆಗೇ ಎಂದು ನೆನಪಿಟ್ಟುಕೊಂಡರೆ ಅರ್ಧ ಕಲಿತ ಹಾಗೆ.

ನಮ್ಮ ಕನ್ನಡದ ಅಕ್ಷರಗಳು ದುಂಡಗೆ ತಮ್ಮ ಪಾಡಿಗೆ ತಾವು ನಿಲ್ಲುತ್ತವೆ. ಒತ್ತಕ್ಷರ ಕೆಳಗೆ ಬಂದು ಕೂರುತ್ತದೆಯೇ ಹೊರತು ಪಕ್ಕದ ಅಕ್ಷರದ ಕೈ ಹಿಡಿಯುವುದಿಲ್ಲ. ಹಾಗಾಗಿ ಎತ್ತದೆ ಬರೆಯುವುದು ನನ್ನ ಕೈಗೆ ಹೊಸದು. ನೆರವಿಗೆ ಬಂದದ್ದು ಹೂ ಕಟ್ಟುವ ಅಭ್ಯಾಸ. ದಾರ ಬಿಡದೆ ಕುಣಿಕೆ ಹಾಕುತ್ತಾ ಹೋಗುವುದಿಲ್ಲವೇ, ಇದೂ ಹಾಗೇ. ಬಿಗಿ ಹಿಡಿದರೆ ಹೂವೂ ಮುರಿಯುತ್ತದೆ, ಪೆನ್ಸಿಲ್ ಮೊನೆಯೂ ಮುರಿಯುತ್ತದೆ. ಬಲಗೈಯವರು ಪುಸ್ತಕವನ್ನು ತುಸು ಎಡಕ್ಕೆ ವಾರೆ ಮಾಡಿ ಇಟ್ಟುಕೊಂಡರೆ ಅಕ್ಷರ ತಾನಾಗಿ ಬಲಕ್ಕೆ ವಾಲುತ್ತದೆ. ದಿನಕ್ಕೊಂದು ಪುಟದಂತೆ ಹದಿನೈದು ದಿನ ಬರೆದೆ. ಕೈ ಕೂತಿತು.

ಮಗಳಿಗೆ ಪುಸ್ತಕ ಕೊಡಲಿಲ್ಲ. ಅಕ್ಷರಾಭ್ಯಾಸದ ದಿನ ಮಾಡಿದಂತೆ ತಟ್ಟೆಯಲ್ಲಿ ಅಕ್ಕಿ ಹರಡಿ, ಅವಳ ಬೆರಳು ಹಿಡಿದು ತಿದ್ದಿಸಿದೆ. ಅಕ್ಕಿಯಲ್ಲಿ ಕೆಂಪು ಗೀಟಿನ ಹೆದರಿಕೆ ಇಲ್ಲ, ತಟ್ಟೆ ಅಲ್ಲಾಡಿಸಿದರೆ ಮತ್ತೆ ಹೊಸ ಪುಟ. ಮೂರನೇ ದಿನ ಪುಸ್ತಕದಲ್ಲಿ ‘ಫ್ಲವರ್’ ಎಂದು ಒಂದೇ ಎಳೆಯಲ್ಲಿ ಬರೆದಳು. “ಅಮ್ಮಾ, ನಂಗಿಂತ ನಿಂದೇ ಚೆನ್ನಾಗಿದೆ” ಅಂದಳು. ಟ್ಯೂಷನ್ನಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ.

“ಮೊಬೈಲ್ ಕಾಲದಲ್ಲಿ ಇದೆಲ್ಲಾ ಯಾಕ್ರೀ?” ಎಂದು ಪಕ್ಕದ ಮನೆಯವರು ಕೇಳಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಕಾನೂನನ್ನೇ ಮಾಡಿ, ಒಂದರಿಂದ ಆರನೇ ಕ್ಲಾಸಿನೊಳಗೆ ಮಕ್ಕಳಿಗೆ ಕೂಡಿಸಿ ಬರೆಯುವುದನ್ನು ಕಲಿಸಬೇಕೆಂದಿದ್ದಾರೆ. ಅದೇನೇ ಇರಲಿ, ಈಗ ನನ್ನ ಮಗಳು ಲೆಕ್ಕದ ಪುಸ್ತಕವನ್ನೂ ಹಿಡಿದು ಅಡಿಗೆಮನೆಗೇ ಬರುತ್ತಾಳೆ. ನನಗೆ ಬೇಕಾದದ್ದು ಅಷ್ಟೇ.

ಸೋದರಿಯರೇ, ಮಕ್ಕಳ ಪಾಠವೆಲ್ಲಾ ನಮಗೆ ಬರಬೇಕೆಂದಿಲ್ಲ. ಅವರಿಗೆ ತೊಡಕಾದ ಒಂದೇ ಅಕ್ಷರವನ್ನೋ ಒಂದೇ ಲೆಕ್ಕವನ್ನೋ ಆರಿಸಿಕೊಳ್ಳಿ. ಮಧ್ಯಾಹ್ನದ ಅರ್ಧ ಗಂಟೆ ಸಾಕು. ಪೆನ್ಸಿಲ್ಲಂತೂ ಮನೆಯಲ್ಲೇ ಇರುತ್ತದೆ.