ಅಂಕಸಮುದ್ರದ ಕೆರೆಯ ಏರಿಯ ಮೇಲೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಕೆರೆಯೊಳಗೇ ಕರಿಜಾಲಿಯ ತೋಪು ನಿಂತಿದೆ. ಪಕ್ಷಿಗಳ ಸಂರಕ್ಷಿತ ತಾಣವಾದ ಈ ಕೆರೆ 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಳೆದ ಫಾಲ್ಗುಣದಲ್ಲಿ ಭಕ್ತರ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆವು. ಜಾಲಿಯ ನೆತ್ತಿಯಲ್ಲೆಲ್ಲ ಬಣ್ಣದ ಕೊಕ್ಕರೆಗಳ ಗೂಡುಗಳು. ಹಳದಿ ಕೊಕ್ಕು, ಬಾಲದ ಬಳಿ ನಸುಗೆಂಪು ಗರಿ. ಹಕ್ಕಿಯೊಂದು ರೆಕ್ಕೆಗಳನ್ನು ಕೊಡೆಯಂತೆ ಹರಡಿ ಮರಿಗಳಿಗೆ ನೆರಳಾಗಿ ನಿಂತಿತ್ತು. ಅದು ಹಾರುವ ಚೆಲುವನ್ನು ಮಕ್ಕಳು ಕಾಣಲೆಂದು ನಾವು ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆವು. ಹಿಂದಿನ ದಿನವಷ್ಟೇ ದಯೆಯನ್ನು ಕುರಿತು ಒಂದು ಗಂಟೆ ಉಪನ್ಯಾಸ ಮಾಡಿದ್ದವರು! ಹಿಂಡೆಲ್ಲ ಮೇಲೆದ್ದಿತು. ಏರಿಯ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರು, ‘ಬ್ಯಾಡ್ರಿ ಅಜ್ಜಾರೆ, ಮರಿ ಬಿಸಿಲಿಗೆ ಬೇಯ್ತಾವ್ರಿ’ ಎಂದರು. ಆ ಹಕ್ಕಿ ಗೂಡಿಗೆ ಮರಳುವವರೆಗೂ ನಾವು ಕದಲಲಿಲ್ಲ. ಮಕ್ಕಳೂ ಮಾತನಾಡಲಿಲ್ಲ.