ಜರ್ಮನಿಯಲ್ಲೊಂದು ‘ಹೊಸದುರ್ಗ’



ಕಳೆದ ವಾರ ಜರ್ಮನಿಯಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬ ದೂರವಾಣಿ ಮಾಡಿದ್ದ. ಅಲ್ಲಿಯೇ ಹುಟ್ಟಿ ಬೆಳೆದ ಅವನ ಮಗಳಿಗೆ, ತನ್ನ ಅಡ್ಡಹೆಸರಿನ ಮೂಲ ಮತ್ತು ಅರ್ಥವನ್ನು ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದಾರಂತೆ. ಅವಳ ಅಡ್ಡಹೆಸರು ‘ಹೊಸದುರ್ಗ’! ಪಾಸ್‌ಪೋರ್ಟಿಗಾಗಿ ತಂದೆ ತನ್ನ ಇನಿಷಿಯಲ್ಲನ್ನು ಬಿಡಿಸಿ ಬರೆದದ್ದೇ ಮಗಳಿಗೆ ವಂಶನಾಮವಾಗಿದೆ.

“ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಎಚ್’ ಎಂದು ಬರೆದವರು ನೀವೇ ಅಲ್ಲವೇ ಸಾರ್? ಅರ್ಥವನ್ನೂ ನೀವೇ ಹೇಳಬೇಕು” ಎಂದು ನಕ್ಕ.

ಅರ್ಥ ಹೇಳುವುದು ಕಷ್ಟವೇನಲ್ಲ. ಹಳಗನ್ನಡದ ‘ಪೊಸ’ವೇ ಇಂದಿನ ‘ಹೊಸ’; ‘ದುರ್ಗ’ವೆಂದರೆ ಸುಲಭವಾಗಿ ತಲುಪಲಾಗದ ಸ್ಥಳ, ಕೋಟೆ. ನೆರೆಯ ಹೊಳಲ್ಕೆರೆಯಲ್ಲಿಯೂ ಇದೇ ಪಕಾರ ಹಕಾರವಾಗಿದೆ: ‘ಪೊಳಲ್’ ಎಂದರೆ ಪಟ್ಟಣ. ಹಿರಿಯೂರು ಹಿರಿದಾದ ಊರು. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿ ನಾಯ್‌ಬುರ್ಗ್ ಎಂಬ ಪಟ್ಟಣವಿದೆ. ಆ ಹೆಸರಿನ ಅರ್ಥವೂ ಹೊಸ ಕೋಟೆಯೇ!

ನಮ್ಮ ನಿಘಂಟುಕಾರ ಕಿಟೆಲ್ ಅವರ ನೆನಪಾಯಿತು. ಜರ್ಮನ್ ಭಾಷೆಯಲ್ಲಿ ‘ಕಿಟೆಲ್’ ಎಂದರೆ ಕೆಲಸದ ವೇಳೆ ತೊಡುವ ನಿಲುವಂಗಿ. 1894ರಲ್ಲಿ ಕನ್ನಡಕ್ಕೆ ಅಂತಹ ನಿಘಂಟನ್ನು ಕೊಟ್ಟ ಶ್ರಮಜೀವಿಗೆ ಒಪ್ಪುವ ಹೆಸರು. ಅವರು 1832ರಲ್ಲಿ ಜನಿಸಿದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಹಿಂದೆ, ನಮ್ಮಲ್ಲಿಯಂತೆಯೇ, ತಂದೆಯ ಹೆಸರೇ ಮಕ್ಕಳ ಹೆಸರಿಗೆ ಸೇರುತ್ತಿತ್ತು. 1811ರಲ್ಲಿ ನೆಪೋಲಿಯನ್ನನ ಆಳ್ವಿಕೆಯ ಆಜ್ಞೆಯಂತೆ ಅಲ್ಲಿನ ಜನ ಸ್ಥಿರವಾದ ಅಡ್ಡಹೆಸರುಗಳನ್ನು ಬರೆಯಿಸಬೇಕಾಯಿತು. ಅಲ್ಲಿ ಚಕ್ರವರ್ತಿಯ ಆಜ್ಞೆ. ಇಲ್ಲಿ ನನ್ನಂತಹ ಮೇಷ್ಟರ ಲೇಖನಿ.

1981ರ ಜೂನ್ ತಿಂಗಳು. ಹೊಸದುರ್ಗದಲ್ಲಿ ನನ್ನ ಸೇವೆಯ ಮೊದಲ ವರ್ಷ. ಹುಡುಗನ ಕೈ ಹಿಡಿದು ಬಂದ ತಂದೆಯನ್ನು “ನಿಮ್ಮ ಮೂಲ ಊರು ಯಾವುದು?” ಎಂದು ಕೇಳಿದೆ.

“ನಮ್ಮ ಹಿರೀಕರ ಊರು ಮಾರಿಕಣಿವೆ ನೀರಾಗೈತೆ ಸ್ವಾಮಿ” ಎಂದರು.

ಹೊರಗೆ ಸಾಲು ಬೆಳೆದಿತ್ತು. “ನೀರಿನೊಳಗಿನ ಊರನ್ನು ಬರೆಯಲಾದೀತೇ?” ಎಂದು ನಕ್ಕು ‘ಎಚ್’ ಎಂದು ಬರೆದುಬಿಟ್ಟೆ. ಅವರೂ ನಕ್ಕರು. ಆ ನಗೆ ಇಂದು ನನ್ನನ್ನು ಚುಚ್ಚುತ್ತಿದೆ. ಹಿರಿಯೂರಿನ ಬಳಿ ವೇದಾವತಿಗೆ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು ಎಷ್ಟೋ ಹೊಲಗಳಿಗೆ ನೀರುಣಿಸಿತು, ನಿಜ; ಆದರೆ ಅದರಲ್ಲಿ ಮುಳುಗಿದ ಹಳ್ಳಿಗಳ ಜನ ತಮ್ಮ ಊರಿನ ಹೆಸರನ್ನು ಮಾತ್ರವೇ ಹೊತ್ತು ತಂದಿದ್ದರು. ಅದನ್ನೂ ನಾನು ಕೇಳಲಿಲ್ಲ. ಆ ಹಿರಿಯರು ಈಗಿಲ್ಲ. ಮಗನಿಗೂ ಆ ಹೆಸರು ತಿಳಿಯದು.

ಮಗುವಿಗೆ ಅರ್ಥವನ್ನು ಬರೆದು ಕಳುಹಿಸಿದೆ. ಹೆಸರಿನ ಮೂಲವನ್ನು ಬರೆಯುವಲ್ಲಿ ಈ ತಪ್ಪನ್ನೂ ಒಪ್ಪಿಕೊಂಡೆ.

ಹೊಸದುರ್ಗ, ಹಿರಿಯೂರು ಕಡೆಯ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ಮುಳುಗಿದ ಹಳ್ಳಿಗಳ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ನನಗೆ ತಿಳಿಸಿರಿ. ಈ ಬಾರಿ ನಾನು ಅವಸರಪಡದೆ ಬರೆದುಕೊಳ್ಳುವೆ.