ಕಾವಲಿನ ಧೂಳು

ವರವು ಕಾವಲು ಎಂದೊಡನೆ ನಿಮ್ಮಲ್ಲಿ ಅನೇಕರಿಗೆ 2017ರ ಮೇ ತಿಂಗಳಲ್ಲಿ ಅಲ್ಲಿ ಉದ್ಘಾಟನೆಗೊಂಡ, ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರವು ನೆನಪಾಗಬಹುದು. ನನಗಾದರೋ ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು, ಅದರ ಅಂಚಿನ ಮಣ್ಣುದಾರಿ, ಆ ದಾರಿಯ ಧೂಳು, ಇವೇ ಕಣ್ಣ ಮುಂದೆ ನಿಲ್ಲುತ್ತವೆ.

ನಮ್ಮ ತಂದೆಯವರು ಹಳೆಯ ಪೆಟ್ರೋಲ್ ಲಾರಿಯೊಂದರಲ್ಲಿ ನಾಯಕನಹಟ್ಟಿಯ ಕಡೆಯ ಶೇಂಗಾ ಮೂಟೆಗಳನ್ನು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಸಾಗಿಸುತ್ತಿದ್ದರು. ಡೀಸೆಲ್ ಲಾರಿಗಳು ಬಂದು ಎಷ್ಟೋ ವರ್ಷಗಳಾಗಿದ್ದರೂ ಕೊಳ್ಳುವ ಶಕ್ತಿ ನಮಗಿರಲಿಲ್ಲ. 1973ರ ಪಶ್ಚಿಮ ಏಷ್ಯದ ಯುದ್ಧದ ತರುವಾಯ ಪೆಟ್ರೋಲಿನ ಬೆಲೆ ಏರಿದಾಗ ಬಾಡಿಗೆಯ ಹಣವೆಲ್ಲ ಟ್ಯಾಂಕಿಗೇ ಸಲ್ಲತೊಡಗಿತು. ಮೇಲಾಗಿ ಲಾರಿ ಕಪ್ಪು ಹೊಗೆ ಉಗುಳುತ್ತಿತ್ತು.

ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಇದನ್ನು ಹದಗೊಳಿಸುವುದೇ ಕಾರ್ಬುರೇಟರಿನ ಕೆಲಸ. ಹದ ತಪ್ಪಿದುದನ್ನು ಪ್ಲಗ್ಗು ಬಿಚ್ಚಿ ನೋಡಿ ತಿಳಿಯಬಹುದು: ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಗಾಳಿ ಹೆಚ್ಚು, ತಿಳಿಕಂದು ಬಣ್ಣವಿದ್ದರೆ ಸರಿ. ಹೊರಗಿನ ಸ್ಕ್ರೂ ತಿರುಗಿಸಿ ಪೆಟ್ರೋಲು ಉಳಿಸುತ್ತೇನೆಂಬವರು ಇಂದಿಗೂ ಉಂಟು. ಆದರೆ ಆ ಸ್ಕ್ರೂ ಮುಖ್ಯವಾಗಿ ಲಾರಿ ನಿಂತಲ್ಲೇ ಎಂಜಿನ್ ಓಡುವಾಗಿನ ಹದಕ್ಕೆ ಸಂಬಂಧಿಸಿದ್ದು. ಭಾರ ಹೊತ್ತು ಸಾಗುವಾಗ ಪೆಟ್ರೋಲನ್ನು ಅಳೆದು ಕೊಡುವುದು ಒಳಗಿರುವ ಮೇನ್ ಜೆಟ್ಟು. ನಡುವೆ ಸೂಕ್ಷ್ಮ ರಂಧ್ರವುಳ್ಳ ಹಿತ್ತಾಳೆಯ ತುಂಡು.

ಇಷ್ಟನ್ನು ಕಲಿತಿದ್ದ ನಾನು, ಇಪ್ಪತ್ತರ ಪ್ರಾಯದ ಪಂಡಿತ, ತಂದೆಯವರಿಗೆ ತಿಳಿಸದೆ ಸಣ್ಣ ರಂಧ್ರದ ಜೆಟ್ಟನ್ನು ತಂದು ಕೂಡಿಸಿದೆನು. ಹೊಗೆ ನಿಂತಿತು, ಪೆಟ್ರೋಲೂ ಉಳಿಯಿತು. ತಂದೆಯವರು ಕಾರಣವರಿಯದೆ ಹಿಗ್ಗಿದರು. ನಾನು ಬಾಯಿ ಬಿಡಲಿಲ್ಲ.

ದೋಷವಿದ್ದುದು ಜೆಟ್ಟಿನಲ್ಲಲ್ಲ. ಕಾವಲಿನ ಧೂಳೆಲ್ಲ ಏರ್ ಕ್ಲೀನರಿನ ಎಣ್ಣೆಯಲ್ಲಿ ಕೂಡಿ ಕೆಸರಾಗಿ ಗಾಳಿಯ ಹಾದಿಯನ್ನು ಕಟ್ಟಿತ್ತು. ಗಾಳಿ ಕಡಿಮೆಯಾದಲ್ಲಿ ನಾನು ಪೆಟ್ರೋಲನ್ನೂ ಕಡಿಮೆ ಮಾಡಿದ್ದೆ; ಒಂದು ತಪ್ಪು ಇನ್ನೊಂದನ್ನು ಮರೆಮಾಡಿತ್ತು. ಸುಗ್ಗಿಗೆ ಮುನ್ನ ತಂದೆಯವರು ಏರ್ ಕ್ಲೀನರನ್ನು ತೊಳೆದು ಹೊಸ ಎಣ್ಣೆ ಹೊಯ್ದರು. ಗಾಳಿ ತುಂಬ ನುಗ್ಗತೊಡಗಿತು, ಜೆಟ್ಟು ಮಾತ್ರ ಸಣ್ಣದಾಗಿಯೇ ಉಳಿಯಿತು. ಎಂಜಿನ್ ಕಾದು, ಏರಿನಲ್ಲಿ ಸೊರಗಿ, ಕಾರ್ಬುರೇಟರಿನಲ್ಲಿ ಸೀನತೊಡಗಿತು. ಮೂರನೆಯ ವಾರ ಕಾವಲಿನ ನಡುವೆ, ರಾತ್ರಿಯ ಹೊತ್ತು, ಎಕ್ಸಾಸ್ಟ್ ವಾಲ್ವು ಸುಟ್ಟು ಲಾರಿ ನಿಂತಿತು. ಮೂಟೆಗಳು ನೆರೆಮನೆಯವರವು, ಅವರ ಮಗಳ ಲಗ್ನ ಹದಿನೈದು ದಿನಗಳಲ್ಲಿತ್ತು. ಬೆಳಗಿನ ಜಾವ ನಾಲ್ಕು ಗಾಡಿಗಳನ್ನು ಹೂಡಿಸಿ ಮಾಲನ್ನು ಗಿರಣಿಗೆ ಮುಟ್ಟಿಸಿದೆವು. ರಿಪೇರಿಯ ಖರ್ಚಿಗೆ ಮನೆಯ ಎತ್ತಿನ ಜೋಡಿಯನ್ನು ಮಾರಬೇಕಾಯಿತು.

ಚಳ್ಳಕೆರೆಯ ಮೇಸ್ತ್ರಿ ಜೆಟ್ಟನ್ನು ಬಿಚ್ಚಿ, ಅದರ ಮೇಲಿನ ಅಂಕಿಯನ್ನು ಬೆಳಕಿಗೆ ಹಿಡಿದು ಓದಿ, ತಂದೆಯವರ ಮುಖ ನೋಡಿದನು. ತಂದೆಯವರು ನನ್ನ ಕಡೆ ತಿರುಗಿದರು.

“ನಾನೇ ಅಪ್ಪಾ” ಎಂದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಒಂದು ಮಾತು ಹೇಳಬಾರದಿತ್ತೇನಪ್ಪಾ? ಏರ್ ಕ್ಲೀನರ್ ತೊಳೆದ ದಿನವೇ ಹಳೇ ಜೆಟ್ಟು ಹಾಕಿಬಿಡ್ತಿದ್ದೆ” ಎಂದರು. ಎತ್ತುಗಳ ವಿಷಯವನ್ನು ಅವರು ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.